ಚಿಕ್ಕಮ್ಮನ ಗಿಡ್ಡ ಕೋವಿ

ನನ್ನ ಬರೆಯುವ ಮೇಜಿನ ಮೇಲೆ ಪೆನ್ನು ಪೆನ್ಸಿಲು ನಿಲ್ಲಿಸುವುದಕ್ಕೆ ಒಂದು ಕಬ್ಬಿಣದ ತುಂಡು ಇದೆ. ಒಂದಕ್ಕೊಂದು ಅಂಟಿಕೊಂಡ ಎರಡು ಕೊಳವೆಗಳು, ಆರು ಇಂಚು ಎತ್ತರ, ಒಂದೊಂದರಲ್ಲಿ ಎರಡು ಪೆನ್ನು ಹಿಡಿಸುತ್ತವೆ. ಮನೆಗೆ ಬಂದವರು ಅದನ್ನು ಎತ್ತಿ ನೋಡದೆ ಹೋಗುವುದಿಲ್ಲ. ಒಬ್ಬರು ಅದನ್ನು ಹಳೆಯ ಗ್ಯಾಸ್‌ಲೈಟಿನ ಭಾಗ ಎಂದರು. ಇನ್ನೊಬ್ಬರು ಮೋಟಾರು ಪಂಪಿನದು ಎಂದು ಖಚಿತವಾಗಿ ಹೇಳಿದರು. ನಮ್ಮ ಪೋಸ್ಟ್ ಮಾಸ್ತರರು ಮಾತ್ರ ಅದೇನೆಂದು ಕೇಳದೆ, ಎಲ್ಲಿ ಸಿಗುತ್ತದೆ, ತಮಗೂ ಒಂದು ಬೇಕು ಎಂದರು. ಸಿಗುವುದು ಸುಲಭವಲ್ಲ ಎಂದೆ. ಅದಕ್ಕೆ ಒಂದು ಜೋಡು ನಳಿಗೆಯ ಕೋವಿ, ನಾಲ್ಕು ಅಡಿ ಎಂಟು ಇಂಚಿನ ಒಬ್ಬ ಚಿಕ್ಕಮ್ಮ, ಪುತ್ತೂರಿನ ಒಬ್ಬ ಸಾಹೇಬರು, ಮತ್ತು ನನ್ನ ಬಲ ಭುಜ, ಇಷ್ಟೂ ಬೇಕಾಗುತ್ತದೆ.

ಕೋವಿಯ ಬಗ್ಗೆ ಮಾತಾಡುವ ಯೋಗ್ಯತೆ ನನಗೆ ಇದೆಯೆಂದು ನೀವು ತಿಳಿಯಬಾರದು. ರಾಮಕುಂಜದ ಆಚೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ಬದುಕಿದವನು ನಾನು. ಇಡೀ ಆಯುಸ್ಸಿನಲ್ಲಿ ಒಂದೇ ಒಂದು ಈಡು ಹೊಡೆದಿದ್ದೇನೆ. ಅದರ ಕಥೆ ಮುಂದೆ ಬರುತ್ತದೆ. ಆದರೆ ನಮ್ಮ ಕಡೆ ಆ ಕಾಲದಲ್ಲಿ ಬೆಳೆದವನಿಗೆ ಕೋವಿ ಅಪರಿಚಿತ ವಸ್ತುವಲ್ಲ. ಕೊಡೆಯ ಹಾಗೆ ಅದೂ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ನಾನು ಚಿಕ್ಕವನಿದ್ದಾಗ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಕೇಪಿನ ಕೋವಿ. ನಾಲ್ಕಡಿ ಉದ್ದದ ಒಂಟಿ ನಳಿಗೆ. ಬಾಯಿಯಿಂದಲೇ ಕರಿ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ, ಅಂದರೆ ಸೀಸದ ಸಣ್ಣ ಗುಂಡುಗಳನ್ನು ಹಾಕಿ, ಮತ್ತೆ ನಾರು ತುರುಕಿ, ಉದ್ದನೆಯ ಕೋಲಿನಿಂದ ಜಜ್ಜಬೇಕು. ಇಷ್ಟೆಲ್ಲ ಆಗುವಾಗ ಮಂಗಗಳು ತಮ್ಮ ಕೆಲಸ ಮುಗಿಸಿ, ಮುಂದಿನ ಮರದಲ್ಲಿ ಕುಳಿತು ನಮ್ಮನ್ನು ನೋಡುತ್ತಿದ್ದವು. ಹೊಡೆದ ಮೇಲೆ ಹೊಗೆ. ಹೊಗೆ ತಿಳಿಯಾಗುವವರೆಗೆ ಹೊಡೆದವನಿಗೂ ನೋಡುವವರಿಗೂ ಏನಾಯಿತೆಂದು ಗೊತ್ತಾಗುವ ಹಾಗಿರಲಿಲ್ಲ. ಹೀಗಾಗಿ ಕೇಪಿನ ಕೋವಿಯವರಲ್ಲಿ ಗುರಿ ತಪ್ಪಿದವರು ಕಡಿಮೆ. ಪ್ರಾಣಿ ಗಾಯಗೊಂಡು ಓಡಿತು ಎಂದೇ ಎಲ್ಲರೂ ಹೇಳುತ್ತಿದ್ದರು.

ಅಜ್ಜಾವರದ ಹತ್ತಿರ ನನ್ನ ತಾಯಿಯ ತಂಗಿ ಗೌರಿ ಚಿಕ್ಕಮ್ಮನ ಮನೆ. ಅವರ ಗಂಡ ಮಹಾಲಿಂಗ ಚಿಕ್ಕಪ್ಪನಲ್ಲಿ ಇದ್ದದ್ದು ಮಾತ್ರ ತೋಟೆ ಕೋವಿ. ಮದ್ದು, ಚರೆ ಎಲ್ಲ ತೋಟೆಯೊಳಗೆ ತಯಾರಾಗಿಯೇ ಬರುವ, ಮಧ್ಯದ ಕೀಲಿನಲ್ಲಿ ಮುರಿದು ತುಂಬಿಸುವ ಜೋಡು ನಳಿಗೆಯದು. ಚಿಕ್ಕಪ್ಪ ಆರಡಿಗೂ ಮೇಲಿದ್ದ ಮನುಷ್ಯ. ಕೋವಿಯ ನಳಿಗೆ ಮೂವತ್ತೆರಡು ಇಂಚು. ಆ ಅಳತೆಯನ್ನು ಅವರು ತಮ್ಮ ಸ್ವಂತ ಗುಣದ ಹಾಗೆ ಹೇಳಿಕೊಳ್ಳುತ್ತಿದ್ದರು. "ನಳಿಗೆ ಉದ್ದ ಇದ್ದಷ್ಟು ಈಡು ದೂರ ಹೋಗ್ತದೆ" ಎನ್ನುವುದು ಅವರ ಸಿದ್ಧಾಂತ. ನಮ್ಮ ಮನೆಗಳಲ್ಲಿ ಮಾಂಸ ತಿನ್ನುವವರಿಲ್ಲ. ಕೋವಿ ಇದ್ದದ್ದು ಬೆಳೆ ಕಾಯಲಿಕ್ಕೆ. ತೋಡಿನ, ಅಂದರೆ ಹಳ್ಳದ, ಬದಿಯಲ್ಲಿ ಸಣ್ಣದೊಂದು ಗದ್ದೆ, ಅದರ ಹಿಂದೆ ಗುಡ್ಡೆ, ಗುಡ್ಡೆಯಲ್ಲಿ ಹಂದಿ. ಕೋವಿ ಇಲ್ಲದ ಮನೆಯವರು ಬಿತ್ತಿದ್ದನ್ನು ಹಂದಿಯೇ ಕೊಯ್ಯುತ್ತಿತ್ತು.

ಐವತ್ತರ ದಶಕ ಮುಗಿಯುತ್ತಾ ಬಂದ ಹೊತ್ತಿನಲ್ಲಿ ಚಿಕ್ಕಪ್ಪ ಜ್ವರ ಬಂದು ಎಂಟೇ ದಿನಗಳಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಲೈಸನ್ಸಿನ ಯಜಮಾನ ತೀರಿಕೊಂಡ ಕಾರಣ ಪೊಲೀಸರು ಬಂದು ಕೋವಿಯನ್ನು ಠಾಣೆಗೆ ಒಯ್ದರು. ಹದಿನಾರು ದಿನ ಕಳೆಯುವಷ್ಟರಲ್ಲಿ ಚಿಕ್ಕಪ್ಪನ ತಮ್ಮ ಸುಬ್ರಾಯಣ್ಣ ಲೈಸನ್ಸ್ ತನ್ನ ಹೆಸರಿಗೆ ಆಗಬೇಕೆಂದು ಅರ್ಜಿ ಹಾಕಿದ. ತೋಡಿನ ಆಚೆ ದಡದಲ್ಲಿ ಅವನ ಮನೆ. ಅವನೂ ಅಣ್ಣನಷ್ಟೇ ಎತ್ತರ, ಅಣ್ಣನಿಗಿಂತ ಮೌನಿ. ಕೆಟ್ಟವನಲ್ಲ. ಅತ್ತಿಗೆಯ ಗದ್ದೆಯನ್ನೂ ತಾನೇ ಕಾಯುತ್ತೇನೆ, ಅವರು ನಮ್ಮ ಮನೆಗೇ ಬಂದು ಇರಲಿ ಎಂದು ನಾಲ್ಕು ಜನರ ಎದುರು ಹೇಳಿದ್ದ.

ಚಿಕ್ಕಮ್ಮ ನನಗೆ ಬರಹೇಳಿ ಕಳಿಸಿದರು. ಮನೆತನದಲ್ಲಿ ಅರ್ಜಿ ಬರೆಯಬಲ್ಲವನು ನಾನೊಬ್ಬನೇ. ಹೋದಾಗ ಅವರು ಜಗಲಿಯಲ್ಲಿ ಕುಳಿತು ಅಲಸಂಡೆ ಬೀಜ ಬಿಡಿಸುತ್ತಿದ್ದರು.

"ನನ್ನ ಹೆಸರಿಗೆ ಲೈಸನ್ಸ್ ಬೇಕು ಅಂತ ಬರಿ" ಎಂದರು.

"ಸುಬ್ರಾಯಣ್ಣ ನೋಡ್ಕೊಳ್ತೇನೆ ಅಂತ ಹೇಳಿದ್ದಾನಲ್ಲ ಚಿಕ್ಕಮ್ಮ?"

"ಹೇಳಿದ್ದಾನೆ. ಅವ ಒಳ್ಳೆಯವನೇ. ಆದ್ರೆ ನೀನೇ ಯೋಚನೆ ಮಾಡು. ಯಾರ ಕೈಯಲ್ಲಿ ಕೋವಿ ಉಂಟೋ ಅವ ಗದ್ದೆ ಕಾಯುದು. ಕಾಯುವವ ಮೊದಲು ಯಾವಾಗ ಬಿತ್ತುದು ಅಂತ ಹೇಳ್ತಾನೆ. ಆಮೇಲೆ ಎಂತ ಬಿತ್ತುದು ಅಂತ ಹೇಳ್ತಾನೆ. ಅಲ್ಲಿಗೆ ಗದ್ದೆ ಅವನದ್ದು. ನಾನು ಅವನ ಹೆಂಡತಿಯ ಅಡಿಗೆಕೋಣೆಯಲ್ಲಿ ತೆಂಗಿನಕಾಯಿ ತುರೀತಾ ಇರ್ತೇನೆ. ಯಾರೂ ಕೆಟ್ಟವರಾಗುದು ಬೇಡ, ಹಾಗೇ ಆಗಿ ಹೋಗ್ತದೆ."

ನಾನು ಅರ್ಜಿ ಬರೆದೆ.

ಲೈಸನ್ಸ್ ಕೊಡುವ ಪುತ್ತೂರಿನ ಕಚೇರಿಯಿಂದ ಇಬ್ಬರಿಗೂ ಕರೆ ಬಂತು. ಸಾಹೇಬರು ಮೃದು ಮಾತಿನವರು. ಎರಡೂ ಅರ್ಜಿ ಓದಿದರು. ಕೋವಿ ಗಂಡನ ಸೊತ್ತಾದ ಕಾರಣ ಹೆಂಡತಿಗೇ ಸೇರಿದ್ದು, ಅದರಲ್ಲಿ ತಕರಾರಿಲ್ಲ. ಆದರೆ ಉಪಯೋಗಿಸಲು ಬಾರದವರ ಕೈಗೆ ಲೈಸನ್ಸ್ ಕೊಡಲಾಗುವುದಿಲ್ಲ ಎಂದರು. ಠಾಣೆಯಿಂದ ತರಿಸಿದ್ದ ಕೋವಿಯನ್ನು ತೋರಿಸಿ, "ಹಿಡಿದು ತೋರಿಸಿ, ಅಮ್ಮ" ಎಂದರು.

ಚಿಕ್ಕಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೋವಿ ಎತ್ತಿದರು. ಕುಂದ, ಅಂದರೆ ಭುಜಕ್ಕೆ ಒತ್ತುವ ಮರದ ಹಿಂಭಾಗ, ಅವರ ಭುಜಕ್ಕೆ ಕೂರದೆ ಕಂಕುಳಿಗೆ ಜಾರಿತು. ಎಡಗೈ ಚಾಚಿದರೂ ನಳಿಗೆಯ ಕೆಳಗಿನ ಹಿಡಿಯುವ ಮರ ಪೂರ್ತಿ ಸಿಗಲಿಲ್ಲ. ನಳಿಗೆಯ ತುದಿ ಮೊದಲು ಗೋಡೆಯ ಗಡಿಯಾರದ ಕಡೆಗಿತ್ತು, ಮೆಲ್ಲ ಇಳಿದು ಕಿಟಕಿಗೆ ಬಂತು, ಅಲ್ಲಿಂದ ಗುಮಾಸ್ತರ ಮೇಜಿನ ಕಾಲಿಗೆ. ಗುಮಾಸ್ತರು ನಕ್ಕರು. ಆದರೂ ಚಿಕ್ಕಮ್ಮ ಕೋವಿಯನ್ನು ಕೆಳಗಿಡಲಿಲ್ಲ. "ಸಾಕು" ಎಂದು ಸಾಹೇಬರೇ ಹೇಳಬೇಕಾಯಿತು.

"ಒಂದು ತಿಂಗಳು ಸಮಯ ಕೊಡುತ್ತೇನೆ" ಎಂದರು ಅವರು. "ಆಗಲೂ ಹೀಗೇ ಆದರೆ ಲೈಸನ್ಸ್ ಮೈದುನರ ಹೆಸರಿಗೆ."

ಆ ಒಂದು ತಿಂಗಳು ಕೋವಿ ಕುಶಾಲಪ್ಪ ಗೌಡರ ವಶದಲ್ಲಿರಲಿ, ಅವರ ಎದುರಿಗೇ ಅಭ್ಯಾಸ ಮಾಡಲಿ ಎಂದು ಬರೆದುಕೊಟ್ಟರು. ಗೌಡರು ಚಿಕ್ಕಮ್ಮನ ನೆರೆಯವರು. ಸೈನ್ಯದಲ್ಲಿ ಹವಿಲ್ದಾರರಾಗಿದ್ದು ಬರ್ಮಾ ಯುದ್ಧ ಮುಗಿಸಿ ಬಂದವರು. ಸಾಹೇಬರಿಗೂ ಅವರ ಹೆಸರು ಗೊತ್ತಿತ್ತು. ಮೀಸೆ ಬಿಳಿಯಾಗಿದ್ದರೂ ಬೆನ್ನು ಬಾಗಿರಲಿಲ್ಲ. ಮನೆಯವರೊಡನೆ ಅರೆಭಾಷೆ, ಕೆಲಸದವರೊಡನೆ ತುಳು, ನಮ್ಮೊಡನೆ ಕನ್ನಡ, ನಾಯಿಯೊಡನೆ ಹಿಂದುಸ್ತಾನಿ ಮಾತಾಡುತ್ತಿದ್ದರು.

ಮರುದಿನವೇ ನಾವು ಅವರ ಮನೆಗೆ ಹೋದೆವು. ಗೌಡರು ಚಿಕ್ಕಮ್ಮನ ಕೈಯಲ್ಲಿ ಕೋವಿ ಹಿಡಿಸಿ, ಒಂದು ಸುತ್ತು ಬಂದು ನೋಡಿದರು.

"ಗೌರಮ್ಮ, ನಿಮಗೆ ಉದ್ದ ಆದ್ದು ನಳಿಗೆ ಅಲ್ಲ, ಕುಂದ" ಎಂದರು. "ಅದನ್ನು ಎರಡು ಇಂಚು ಕೊಯ್ದರೆ ಭುಜಕ್ಕೆ ಕೂರ್ತದೆ."

"ಹಾಗಾದ್ರೆ ಕೊಯ್ಯುವ."

"ಅಷ್ಟೇ ಆದ್ರೆ ಒಳ್ಳೆದಿತ್ತು. ಹಿಂದಿನ ಮರ ಹೋದರೆ ಮುಂದಿನ ಭಾರ ಜಾಸ್ತಿ ಆಗ್ತದೆ. ಈಗ ಇಳಿದದ್ದಕ್ಕಿಂತ ಬೇಗ ಇಳೀತದೆ. ತಕ್ಕಡಿ ಇದ್ದ ಹಾಗೆ ನೋಡಿ."

"ಹಾಗಾದ್ರೆ ಮುಂದೆಯೂ ಕೊಯ್ಯುವ."

ಗೌಡರು ಮೀಸೆ ಸವರಿದರು. ನಳಿಗೆಗೆ ಗರಗಸ ಹಾಕುವ ಮಾತು ಅವರಿಗೆ ಹಿಡಿಸಲಿಲ್ಲ ಎಂದು ಕಾಣುತ್ತಿತ್ತು. ಆದರೆ ಅವರು ಇಲ್ಲ ಎನ್ನಲೂ ಇಲ್ಲ. "ಆದಿತ್ಯವಾರ ಬನ್ನಿ. ಒಂದು ಹಳೇ ಬಿಳಿ ಪಂಚೆ ತನ್ನಿ" ಎಂದರು.

ಆದಿತ್ಯವಾರ ಬೆಳಗ್ಗೆ ಗೌಡರ ಕೊಯ್ಲಾದ ಗದ್ದೆಯಲ್ಲಿ ಮೂರು ಕೋವಿಗಳನ್ನು ಚಾಪೆಯ ಮೇಲೆ ಮಲಗಿಸಿದ್ದರು. ಒಂದು ಹಕ್ಕಿಗೆ ಹೊಡೆಯುವ ಪಾಯಿಂಟ್ ಟೂ ಟೂ. ಮಕ್ಕಳ ಆಟದ ಸಾಮಾನಿನ ಹಾಗೆ ಕಾಣುವಂಥದು. ಇನ್ನೊಂದು ದೊಡ್ಡ ರೈಫಲು. ಮೂರನೆಯದು ನಮ್ಮದು. ಗೌಡರು ಪಾಠ ಮಾಡಲು ನಿಂತರು. ಮಾಸ್ತರನಾದ ನಾನು ಹುಲ್ಲಿನ ಮೇಲೆ ಕುಳಿತೆ; ಕೇಳುವವನ ಜಾಗದಲ್ಲಿ ಕುಳಿತು ಎಷ್ಟೋ ವರ್ಷವಾಗಿತ್ತು.

"ನಳಿಗೆ ಅಂದ್ರೆ ಎಂತ ಮಾಷ್ಟ್ರೆ? ಮದ್ದು ಗುಂಡನ್ನು ದೂಡುವ ದಾರಿ. ಮದ್ದು ಉರಿದು ದೂಡ್ತಾ ಇರುವಷ್ಟು ಹೊತ್ತು ದಾರಿ ಬೇಕು. ದೂಡಿ ಮುಗಿದ ಮೇಲೆ ದಾರಿ ಉದ್ದ ಇದ್ದರೆ ಎಂತ ಲಾಭ? ಹೊರುವ ಭಾರ ಮಾತ್ರ." ಅವರು ಸಣ್ಣ ಕೋವಿ ಎತ್ತಿದರು. "ಇದರ ತೋಟೆಯಲ್ಲಿ ಮದ್ದು ಒಂದು ಚಿಟಿಕೆ. ಮೊಳ ಉದ್ದ ಹೋಗುವಷ್ಟರಲ್ಲಿ ಉರಿದು ಮುಗೀತು. ಒಂದು ಸಲ ಕುಂಬಾರ ಹುಳ ಇದರ ಬಾಯಿಯೊಳಗೆ ಮಣ್ಣಿನ ಗೂಡು ಕಟ್ಟಿತ್ತು. ನಾನು ನೋಡದೆ ಹೊಡೆದೆ, ಬಾಯಿ ಸೀಳಿತು. ನಾಲ್ಕು ಇಂಚು ಕತ್ತರಿಸಿ ತೆಗೆದದ್ದು. ಮೊದಲು ಹೇಗೆ ಹೊಡೀತಿತ್ತೋ ಈಗಲೂ ಹಾಗೇ ಹೊಡೀತದೆ."

"ಹಾಗಾದ್ರೆ ನಮ್ಮದನ್ನೂ ಕತ್ತರಿಸಬಹುದಲ್ಲ?" ಎಂದೆ ನಾನು, ಬುದ್ಧಿವಂತನ ಹಾಗೆ.

"ತಡೀರಿ. ಎಲ್ಲಾ ತೋಟೆಯೂ ಒಂದೇ ಅಲ್ಲ." ಗೌಡರು ದೊಡ್ಡ ರೈಫಲು ಎತ್ತಿದರು. "ಇದರಲ್ಲಿ ಮದ್ದು ತುಂಬ, ಗುಂಡು ಸಪೂರ, ದಾರಿ ಇಕ್ಕಟ್ಟು. ಮದ್ದು ತುದಿಯವರೆಗೂ ದೂಡ್ತಾನೇ ಇರ್ತದೆ. ಇದನ್ನು ಕತ್ತರಿಸಿದಷ್ಟೂ ವೇಗ ಕಮ್ಮಿ. ಉಳಿದ ಮದ್ದು ಬಾಯಿಯಿಂದ ಹೊರಗೆ ಬಂದು ಉರೀತದೆ. ಬರ್ಮಾದಲ್ಲಿ ಕಡೆಕಡೆಗೆ ನಮಗೆ ಕಾಡಿಗೆ ಅಂತ ಗಿಡ್ಡ ರೈಫಲ್ ಕೊಟ್ರು. ತೋಟೆ ಮೊದಲಿನದ್ದೇ. ಬಿದಿರಿನ ಹಿಂಡಲಿನೊಳಗೆ ನುಗ್ಗಲಿಕ್ಕೆ ಭಾರೀ ಸುಖ, ಎಲ್ಲಿಯೂ ಸಿಕ್ಕಿಕೊಳ್ಳುದಿಲ್ಲ. ಹೊಡೆದರೆ ಮಾತ್ರ ಬಾಯಿಯಲ್ಲಿ ಬೆಂಕಿಯ ಚೆಂಡು, ಕಿವಿಯಲ್ಲಿ ಗುಂಯ್ ಅಂತ ಶಬ್ದ, ಭುಜಕ್ಕೆ ಒದೆ. ಬೆಂಕಿ ನೋಡಿ ಎದುರಿನವ ನಮ್ಮ ಜಾಗ ಕಂಡುಹಿಡೀತಿದ್ದ. ನಮ್ಮವನೇ ಒಬ್ಬ..." ಎಂದು ಏನೋ ಹೇಳಲು ಹೊರಟವರು ಅಲ್ಲಿಗೇ ನಿಲ್ಲಿಸಿ ರೈಫಲನ್ನು ಚಾಪೆಯ ಮೇಲಿಟ್ಟರು.

ನಮ್ಮ ಕೋವಿಯ ಸರದಿ ಬಂತು. ಅದರ ಎರಡು ನಳಿಗೆಗಳು ಹೊರಗಿನಿಂದ ಒಂದೇ ತೆರ. ಆದರೆ ಎಡಗಡೆಯದರ ಬಾಯಿ ತುದಿಯಲ್ಲಿ ಕೂದಲೆಳೆಯಷ್ಟು ಕಿರಿದಾಗಿರುತ್ತದಂತೆ. ಚರೆಗಳು ಬೇಗ ಚದರದೆ ಗುಂಪಾಗಿ ಹೋಗಲು ಆ ಬಿಗಿ. ಬಲಗಡೆಯದಕ್ಕೆ ಬಿಗಿ ಇಲ್ಲ. "ತುದಿ ಕತ್ತರಿಸಿದರೆ ವೇಗ ಹೆಚ್ಚೇನೂ ಹೋಗುದಿಲ್ಲ, ಈ ತೋಟೆಯ ಮದ್ದು ಬೇಗ ಉರಿಯುವಂಥದ್ದು. ಹೋಗುದು ಈ ಬಾಯಿಯ ಬಿಗಿ. ಆಮೇಲೆ ಎಡದ್ದೂ ಬಲದ್ದರ ಹಾಗೆ ಆಗ್ತದೆ. ಅದು ಹೇಗೆ ಅಂತ ಈಗ ನೋಡುವ" ಎಂದರು ಗೌಡರು.

ಚಿಕ್ಕಮ್ಮ ತಂದದ್ದು ಚಿಕ್ಕಪ್ಪನ ಪಂಚೆ. ಎರಡು ಗೂಟ ನೆಟ್ಟು ಅದನ್ನು ಬಿಡಿಸಿ ಕಟ್ಟಿದರು. ನಲವತ್ತು ಹೆಜ್ಜೆ ದೂರದಿಂದ ಗೌಡರು ಎಡದ ನಳಿಗೆಯಲ್ಲಿ ಹೊಡೆದರು. ತೂತುಗಳು ಒಂದು ಗೆರಸೆಯ, ಅಂದರೆ ಮೊರದ, ಅಗಲದಲ್ಲಿ ಒತ್ತೊತ್ತಾಗಿ ಬಿದ್ದವು. ಬಲದ ನಳಿಗೆಯಲ್ಲಿ ಹೊಡೆದಾಗ ಇಡೀ ಪಂಚೆಯಲ್ಲಿ ಅಲ್ಲೊಂದು ಇಲ್ಲೊಂದು. "ಇದರ ನಡುವಿನಲ್ಲಿ ಹಂದಿ ಮರಿಗಳ ಸಮೇತ ದಾಟಿ ಹೋಗ್ತದೆ" ಎಂದರು ಗೌಡರು. ಇಪ್ಪತ್ತು ಹೆಜ್ಜೆಗೆ ಬಂದು, ಪಂಚೆ ತಿರುಗಿಸಿ ಕಟ್ಟಿ, ಪುನಃ ಬಲದ ನಳಿಗೆಯಲ್ಲಿ ಹೊಡೆದರು. ಈ ಸಲ ಅದೂ ಒಂದು ಗೆರಸೆಯ ಅಗಲ, ಒತ್ತೊತ್ತು.

ಚಿಕ್ಕಮ್ಮ ಪಂಚೆಯ ಹತ್ತಿರ ಹೋಗಿ ತೂತುಗಳ ಮೇಲೆ ಬೆರಳಾಡಿಸಿದರು. "ಅಂದ್ರೆ ಇವರ ಉದ್ದ ನಳಿಗೆ ನಲವತ್ತು ಹೆಜ್ಜೆಯಲ್ಲಿ ಮಾಡುವ ಕೆಲಸವನ್ನು ಗಿಡ್ಡದ್ದು ಇಪ್ಪತ್ತರಲ್ಲಿ ಮಾಡ್ತದೆ. ಅಷ್ಟೇ ಅಲ್ವಾ ಗೌಡ್ರೆ?"

"ಅಷ್ಟೇ."

"ಹಾಗಾದ್ರೆ ಉಳಿದ ಇಪ್ಪತ್ತು ಹೆಜ್ಜೆ ನಾನು ನಡೀತೇನೆ."

ಗೌಡರು ನನ್ನ ಕಡೆ ತಿರುಗಿ, "ಮಾಷ್ಟ್ರೆ, ನೀವೂ ಒಂದು ಹೊಡೀರಿ" ಎಂದರು. ಮಾತು ಬದಲಿಸಲು ಹೇಳಿದ್ದಿರಬೇಕು. ನಾನು ಅದನ್ನು ಗೌರವವೆಂದು ತಿಳಿದೆ. ಕುಂದವನ್ನು ಭುಜಕ್ಕೆ ಬಿಗಿಯಾಗಿ ಒತ್ತಿ ಹಿಡಿಯಬೇಕೆಂದು ಅವರು ಹೇಳಿದ್ದರು. ನೋವಾಗಬಾರದೆಂದು ನಾನು ಸಡಿಲವಾಗಿ ಹಿಡಿದೆ. ಪಂಚೆಗೆ ಏನೂ ಆಗಲಿಲ್ಲ. ಭುಜ ಮೊದಲ ದಿನ ಕೆಂಪು, ಮೂರನೆಯ ದಿನ ನೇರಳೆ, ವಾರದ ಕೊನೆಗೆ ಮಾವಿನಹಣ್ಣಿನ ಬಣ್ಣ. ಶಾಲೆಯಲ್ಲಿ ಎಂಟು ದಿನ ಕರಿಹಲಗೆಯ ಮೇಲೆ ಎಡಗೈಯಲ್ಲಿ ಬರೆದೆ. ಅಕ್ಷರ ಮೊದಲಿಗಿಂತ ಚೆನ್ನಾಗಿದೆ ಎಂದು ಹೆಡ್‌ಮಾಸ್ತರರು ಹೇಳಿದರು.

ಸುಳ್ಯ ಪೇಟೆಯಲ್ಲಿ ಕೋವಿ ರಿಪೇರಿ ಮಾಡುವ ಆಚಾರಿಯೊಬ್ಬರಿದ್ದರು. ಮೇಲಿನವರ ಒಪ್ಪಿಗೆ ಕಾಗದ ಇಲ್ಲದೆ ನಳಿಗೆಗೆ ಗರಗಸ ಮುಟ್ಟಿಸುವುದಿಲ್ಲ ಎಂದರು. ಸರಿಯಾದ ಮಾತೇ. ಹಾಗಾಗಿ ನಾನು ಇನ್ನೊಂದು ಅರ್ಜಿ ಬರೆದೆ. ಅದರಲ್ಲಿ ಒಂದು ವಾಕ್ಯ ಈಗಲೂ ನೆನಪಿದೆ: 'ಅರ್ಜಿದಾರಳು ಗಿಡ್ಡವಾಗಿರುವ ಕಾರಣ, ಮತ್ತು ಆಕೆಯನ್ನು ಉದ್ದ ಮಾಡುವುದು ಸಾಧ್ಯವಿಲ್ಲದ ಕಾರಣ, ಕೋವಿಯನ್ನು ಗಿಡ್ಡ ಮಾಡಲು ಅಪ್ಪಣೆಯಾಗಬೇಕು.' ಬರೆಯುವಾಗ ಅದರಲ್ಲಿ ತಮಾಷೆ ಇದೆಯೆಂದು ನನಗೆ ಹೊಳೆದಿರಲಿಲ್ಲ. ವಾರದೊಳಗೆ ಅಪ್ಪಣೆ ಬಂತು. ಆ ವಾಕ್ಯದ ಪಕ್ಕದಲ್ಲಿ ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು.

ಕೋವಿ ಗೌಡರ ವಶದಲ್ಲಿದ್ದುದರಿಂದ ಅವರೂ ಬಂದರು. ಆಚಾರಿ ಕುಂದದಿಂದ ಎರಡು ಇಂಚು ಕೊಯ್ದು ಕೊಟ್ಟರು. ಅದು ಬೇಗ ಮುಗಿಯಿತು. ಆಮೇಲೆ ನಳಿಗೆಯನ್ನು ಬಟ್ಟೆ ಸುತ್ತಿ ಮೇಜಿನ ಇಕ್ಕಳಕ್ಕೆ ಬಿಗಿದು, ತುದಿಯಿಂದ ಆರು ಇಂಚು ಅಳೆದು ಗುರುತು ಹಾಕಿದರು. ಗರಗಸ ಎತ್ತಿಕೊಂಡು ಒಮ್ಮೆ ಚಿಕ್ಕಮ್ಮನ ಮುಖ ನೋಡಿದರು.

"ಅಮ್ಮ, ಇದು ಒಳ್ಳೆ ನಳಿಗೆ. ತುಂಡು ಮಾಡಿದ ಮೇಲೆ ಪುನಃ ಸೇರಿಸಲಿಕ್ಕೆ ಆಗುದಿಲ್ಲ. ಇನ್ನೊಂದು ಸಲ ಯೋಚನೆ ಮಾಡಿ."

ಚಿಕ್ಕಮ್ಮ ಎದ್ದು ಅಂಗಡಿಯ ಹೊರಗೆ ಹೋಗಿ ರಸ್ತೆಯ ಬದಿಯಲ್ಲಿ ನಿಂತರು. ಗೌಡರು ನನ್ನನ್ನು ಹೋಗಬೇಡಿ ಎಂದು ಕಣ್ಣಲ್ಲೇ ತಡೆದರು. ಒಂದು ಬಸ್ಸು ಬಂದು ಜನರನ್ನು ಇಳಿಸಿ ಹೋಯಿತು. ಚಿಕ್ಕಮ್ಮ ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಎಂದಿನದೇ.

"ಅವರು ಇದ್ದಾಗ ಅವರಿಗೆ ಸರಿ ಇತ್ತು" ಎಂದರು. "ಈಗ ಇರುದು ನಾನಲ್ವಾ? ಕೊಯ್ಯಿ."

ಗರಗಸದ ಶಬ್ದ ಬಹಳ ಹೊತ್ತು ಬಂತು. ತುದಿ ಬಿದ್ದ ಮೇಲೆ ಆಚಾರಿ ಎರಡು ನಳಿಗೆಗಳ ನಡುವಿನ ಸಂದಿಗೆ ಬೆಸುಗೆ ಹಾಕಿ ಮುಚ್ಚಿದರು, ಬಾಯಿಯನ್ನು ಅರದಿಂದ ಉಜ್ಜಿ ನಯ ಮಾಡಿದರು, ಗುರಿ ನೋಡುವ ಹಿತ್ತಾಳೆಯ ಮಣಿಯನ್ನು ಹೊಸ ತುದಿಯಲ್ಲಿ ಕೂರಿಸಿದರು. ಕೊಯ್ದ ತುಂಡನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಅದೇ ಈಗ ನನ್ನ ಮೇಜಿನ ಮೇಲಿರುವುದು. ಚಿಕ್ಕಮ್ಮ ಕೋವಿ ಎತ್ತಿ ಹಿಡಿದರು. ಕುಂದ ಭುಜಕ್ಕೆ ಕೂತಿತು. ತುದಿ ಎದುರಿನ ಗೋಡೆಯಲ್ಲಿ ಒಂದೇ ಕಡೆ ನಿಂತಿತು, ಇಳಿಯಲಿಲ್ಲ.

ಉಳಿದ ದಿನಗಳಲ್ಲಿ ಗೌಡರು ಅವರಿಗೆ ನಿಲ್ಲುವುದನ್ನು, ಉಸಿರು ಹಿಡಿಯುವುದನ್ನು, ಹೊಡೆಯದಿರುವಾಗ ಬೆರಳನ್ನು ಎಲ್ಲಿಡಬೇಕೆಂಬುದನ್ನು ಹೇಳಿಕೊಟ್ಟರು. ಮೊದಲ ಈಡಿಗೇ ಚಿಕ್ಕಮ್ಮ ಕಿವಿ ಮುಚ್ಚಿಕೊಂಡು ಕುಳಿತುಬಿಟ್ಟರು. ಶಬ್ದ ಮೊದಲಿಗಿಂತ ಜೋರಾಗಿತ್ತು, ಬಾಯಿ ಆರು ಇಂಚು ಹತ್ತಿರ ಬಂದಿತ್ತಲ್ಲ. ಆಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡು ಹೊಡೆದರು. ಗೌಡರು ಹೇಳಿದ್ದು ಹತ್ತಿಯ ಮೂಲಕ ಕೇಳುತ್ತಿರಲಿಲ್ಲ. ಹಾಗಾಗಿ ಕಲಿಕೆ ಪೂರ್ತಿ ಕೈಸನ್ನೆಯಲ್ಲೇ ನಡೆಯಿತು.

ತಿಂಗಳು ಕಳೆದು ಪುತ್ತೂರಿಗೆ ಹೋದೆವು. ಈ ಸಲ ಕಚೇರಿಯೊಳಗೆ ಅಲ್ಲ, ಊರ ಹೊರಗಿನ ಒಂದು ಮೈದಾನಕ್ಕೆ ಕರೆದರು. ಸುಬ್ರಾಯಣ್ಣ ನಮಗಿಂತ ಮೊದಲೇ ಬಂದು ಮರದಡಿ ನಿಂತಿದ್ದ. ಗಿಡ್ಡವಾದ ಕೋವಿಯನ್ನು ನೋಡಿ ಅವನ ಮುಖ ಒಂದು ತೆರನಾಯಿತು. ಅದು ಅವನ ಅಣ್ಣನ ಕೋವಿ. ಅವನಿಗೆ ಹಾಗಾದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಒಬ್ಬ ಪೇದೆ ಹೆಜ್ಜೆ ಎಣಿಸಿಕೊಂಡು ಹೋಗಿ, ನಲವತ್ತಕ್ಕೆ ನಿಂತು, ಕಲ್ಲಿನ ಮೇಲೆ ಒಂದು ಮಡಕೆ ಇಟ್ಟು ಬಂದ.

ಸಾಹೇಬರು "ಹೊಡೆಯಿರಿ" ಎಂದರು.

ಚಿಕ್ಕಮ್ಮ ಕೋವಿಯನ್ನು ತಗ್ಗಿಸಿ ಹಿಡಿದುಕೊಂಡು ಮಡಕೆಯ ಕಡೆ ನಡೆಯಲು ಸುರುಮಾಡಿದರು.

"ಅಮ್ಮ, ಎಲ್ಲಿಗೆ? ಇಲ್ಲಿ ನಿಂತೇ ಹೊಡೆಯಬೇಕು."

ಚಿಕ್ಕಮ್ಮ ನಿಂತು, ಕಿವಿಯ ಹತ್ತಿ ತೆಗೆದು, ಏನೆಂದು ಕೇಳಿದರು. ಸಾಹೇಬರು ಪುನಃ ಹೇಳಿದರು.

"ಅಲ್ಲಿಂದ ಹೊಡೆದ್ರೆ ಈ ಕೋವಿಯ ಚರೆ ಚದರಿ ಹೋಗ್ತದೆ ಸ್ವಾಮಿ. ಇದು ಹತ್ತಿರದ ಕೋವಿ. ನನ್ನ ಗದ್ದೆಗೆ ಹಂದಿ ಬಂದ್ರೆ ನಾನು ಅಷ್ಟು ದೂರ ನಿಲ್ಲುದೇ ಇಲ್ಲ. ನಿಲ್ಲಬೇಕು ಅಂದ್ರೂ ಅಷ್ಟು ದೂರ ಆಗುದಿಲ್ಲ. ಅದಕ್ಕೆ ಪಕ್ಕದವರ ಗದ್ದೆಗೆ ಹೋಗಿ ನಿಲ್ಲಬೇಕು."

ಗುಮಾಸ್ತರು ಈ ಸಲವೂ ನಕ್ಕರು. ಸಾಹೇಬರು ನಗಲಿಲ್ಲ. ಮರದಡಿಯ ಕಡೆ ತಿರುಗಿ, "ನೀವು ಹೇಳಿ, ಇವರ ಗದ್ದೆ ಎಷ್ಟು ಅಗಲ ಉಂಟು?" ಎಂದು ಸುಬ್ರಾಯಣ್ಣನನ್ನು ಕೇಳಿದರು.

ಐವತ್ತು ಎಂದಿದ್ದರೆ ಮುಗಿಯುತ್ತಿತ್ತು. ಅಜ್ಜಾವರದ ಗದ್ದೆಯನ್ನು ಅಳೆಯಲು ಪುತ್ತೂರಿನಿಂದ ಯಾರೂ ಬರುತ್ತಿರಲಿಲ್ಲ. ಸುಬ್ರಾಯಣ್ಣ ಸ್ವಲ್ಪ ಹೊತ್ತು ನೆಲ ನೋಡಿದ. "ಮೂವತ್ತು ಹೆಜ್ಜೆ ಇರಬಹುದು ಸ್ವಾಮಿ" ಎಂದ. ಆಮೇಲೆ ಇನ್ನೂ ಯೋಚಿಸಿ, "ಮೂವತ್ತು ಇಲ್ಲ. ಇಪ್ಪತ್ತೆಂಟು" ಎಂದ.

ಸಾಹೇಬರು ಚಿಕ್ಕಮ್ಮನಿಗೆ ಮುಂದೆ ಹೋಗಿ ಎಂದು ಕೈ ತೋರಿಸಿದರು.

ಅವರು ಇಪ್ಪತ್ತು ಹೆಜ್ಜೆ ಉಳಿಯುವಲ್ಲಿ ನಿಂತರು. ಹತ್ತಿ ಇಟ್ಟುಕೊಂಡರು, ಕಾಲು ಅಗಲಿಸಿದರು, ಕೋವಿ ಎತ್ತಿದರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಇಷ್ಟು ಸಣ್ಣ ಬೆನ್ನು ಎಂದು ಅನಿಸಿತು. ಈಡು ಹಾರಿತು. ಮರದ ಕಾಗೆಗಳೆಲ್ಲ ಎದ್ದವು. ಗುಮಾಸ್ತರ ಕೈಯ ಫೈಲು ಕೆಳಗೆ ಬಿತ್ತು. ಕಲ್ಲಿನ ಮೇಲೆ ಮಡಕೆ ಇರಲಿಲ್ಲ. ಚಿಕ್ಕಮ್ಮ ಕೋವಿ ಮುರಿದು ಖಾಲಿ ತೋಟೆ ತೆಗೆದು, ಗೌಡರು ಕಲಿಸಿದ ಹಾಗೆ ನಳಿಗೆಯ ಒಳಗೊಮ್ಮೆ ನೋಡಿ, ನಡೆದು ಬಂದರು.

ಲೈಸನ್ಸ್ ಅವರ ಹೆಸರಿಗಾಯಿತು.

ಮರಳುವಾಗ ಎಲ್ಲರಿಗೂ ಸುಳ್ಯದ ಒಂದೇ ಬಸ್ಸು. ಸುಬ್ರಾಯಣ್ಣ ಎದ್ದು ಅತ್ತಿಗೆಗೆ ಜಾಗ ಕೊಟ್ಟ. ಚಾಪೆಯಲ್ಲಿ ಸುತ್ತಿದ ಕೋವಿಯನ್ನು ನೋಡಿ "ಕೊಡಿ, ನಾನು ಹಿಡೀತೇನೆ" ಎಂದ. "ಬೇಡ, ಈಗ ನನಗೆ ಹಿಡಿಯಲಿಕ್ಕೆ ಆಗ್ತದೆ" ಎಂದರು ಚಿಕ್ಕಮ್ಮ. ಅವರು ಹೇಳಿದ್ದು ಭಾರದ ವಿಷಯ ಮಾತ್ರ ಇರಬೇಕು. ಅವನಿಗೆ ಬೇರೆ ಕೇಳಿಸಿತೋ ಏನೋ. ಬಸ್ಸಿನ ಹಿಂಭಾಗಕ್ಕೆ ಹೋಗಿ ನಿಂತ. ಆ ಮೇಲೆ ಆರೇಳು ತಿಂಗಳು ಅವನು ತೋಡು ದಾಟಿ ಈಚೆ ಬರಲಿಲ್ಲ. ಚಿಕ್ಕಮ್ಮ ಆಚೆ ಹೋಗಲಿಲ್ಲ. ಗದ್ದೆಗೆ ಬಂದವರು ಎರಡು ದಡಗಳಲ್ಲಿ ಒಬ್ಬರಿಗೊಬ್ಬರು ಕಾಣುತ್ತಿದ್ದರು. ಕಂಡರೆ ಇಬ್ಬರೂ ಕೆಲಸದಲ್ಲಿ ಮುಳುಗುತ್ತಿದ್ದರು. "ಅವ ಸುಳ್ಳು ಹೇಳಬಹುದಿತ್ತು" ಎಂದು ಚಿಕ್ಕಮ್ಮ ನನ್ನೊಡನೆ ಎರಡು ಮೂರು ಸಲ ಹೇಳಿದರು. ಅದನ್ನು ಅವನೊಡನೆ ಹೇಳಲಿಲ್ಲ. ನಾನಾದರೂ ಹೇಳಬಹುದಿತ್ತು. ಇತರರ ಅರ್ಜಿ ಬರೆಯುವ ಅಭ್ಯಾಸವಿದ್ದ ನನಗೆ ಇದು ಹೊಳೆಯಲಿಲ್ಲ.

ಆ ವರ್ಷದ ದಸರಾ ರಜೆಯಲ್ಲಿ ನಾನು ಅಜ್ಜಾವರದಲ್ಲಿದ್ದೆ. ಭತ್ತ ಬೆಳೆದು ಬಾಗಿತ್ತು. ಒಂದು ಬೆಳಗ್ಗೆ, ಬಿಸಿಲು ಬಂದ ಮೇಲೆ, ನಾಯಿಗಳು ಅಟ್ಟಿಕೊಂಡು ಬಂದ ಒಂಟಿ ಹಂದಿಯೊಂದು ಗುಡ್ಡೆಯಿಂದ ಇಳಿದು ನೇರ ಗದ್ದೆಗೆ ನುಗ್ಗಿತು. ನಾನು ಹಲ್ಲುಜ್ಜುತ್ತಾ ಗದ್ದೆಯ ಬದುವಿನಲ್ಲಿದ್ದೆ. "ಚಿಕ್ಕಮ್ಮಾ!" ಎಂದು ಕೂಗಿದೆನೆಂದು ನನ್ನ ನೆನಪು, ಬರೀ "ಅಮ್ಮಾ" ಎಂದು ಕೂಗಿದೆನೆಂದು ಚಿಕ್ಕಮ್ಮ ಹೇಳುತ್ತಿದ್ದರು. ಅವರು ಕೋವಿ ಹಿಡಿದು ಬಂದರು. ಹಂದಿ ನನಗೂ ಅವರಿಗೂ ನಡುವೆ, ಅವರಿಂದ ಹದಿನೈದು ಹೆಜ್ಜೆಯಲ್ಲಿ, ತೆನೆಗಳ ಮೇಲೆ ಬೆನ್ನು ಕಾಣಿಸುತ್ತಾ ನಿಂತಿತ್ತು. "ಮಲಕ್ಕೋ!" ಎಂದು ಚಿಕ್ಕಮ್ಮ ನನಗೆ ಕೂಗಿದರು. ನಾನು ಕೆಸರಿನಲ್ಲಿ ಮುಖ ಕೆಳಗೆ ಮಾಡಿ ಬಿದ್ದೆ. ಈಡು ಹಾರಿದ ಶಬ್ದ ಗುಡ್ಡೆಗೆ ಬಡಿದು ತಿರುಗಿ ಬಂತು. ತಲೆ ಎತ್ತಿ ನೋಡಿದಾಗ ಹಂದಿ ಬಂದ ದಾರಿಯಲ್ಲೇ ಗುಡ್ಡೆ ಹತ್ತುತ್ತಿತ್ತು, ಅದಕ್ಕೆ ಒಂದು ಚರೆಯೂ ತಾಗಿರಲಿಲ್ಲ. ಚಿಕ್ಕಮ್ಮ ಕೋವಿಯನ್ನು ಆಕಾಶಕ್ಕೆ ಹಿಡಿದಿದ್ದರು.

ಬೇಲಿಯಾಚೆ ಗೌಡರು ಪ್ರತ್ಯಕ್ಷರಾದರು. "ಎಂತ ಗೌರಮ್ಮ ಇದು! ಹದಿನೈದು ಹೆಜ್ಜೆಯಲ್ಲಿ ನಿಂತಿತ್ತು. ಯಾಕೆ ಹೊಡೀಲಿಲ್ಲ?"

"ಹೊಡೀಲಿಕ್ಕೆ ಬರ್ತದೆ ಅಂತ ಪುತ್ತೂರಿನವರಿಗೆ ತೋರಿಸಿ ಆಯ್ತಲ್ಲ ಗೌಡ್ರೆ. ಹಂದಿಗೆ ಎಂತಕ್ಕೆ ತೋರಿಸುದು? ಅದು ಓಡಿತು, ಭತ್ತ ಉಳೀತು."

ಅಷ್ಟರಲ್ಲಿ ತೋಡಿನ ಕಡೆಯಿಂದ ನೀರು ಚಿಮ್ಮುವ ಶಬ್ದ ಬಂತು. ಸುಬ್ರಾಯಣ್ಣ. ಪಂಚೆ ಮೇಲೆ ಕಟ್ಟಲೂ ಪುರುಸೊತ್ತಿಲ್ಲದೆ, ದಾಟುವ ಮರದ ಸಂಕಕ್ಕೂ ಹೋಗದೆ, ಸೊಂಟದವರೆಗಿನ ನೀರಿನಲ್ಲಿ ನಡೆದು ಬಂದಿದ್ದ. ಕೈಯಲ್ಲೊಂದು ಹಾರೆ. ಕೆಸರು ಮೆತ್ತಿಕೊಂಡು ಬಿದ್ದಿದ್ದ ನನ್ನನ್ನು ನೋಡಿ ಅವನ ಮುಖ ಬಿಳಿಚಿತು. ನಾನು ಎದ್ದು ಕುಳಿತ ಮೇಲೆ ಅತ್ತಿಗೆಯ ಕಡೆ ತಿರುಗಿದ.

"ಅತ್ತಿಗೆ, ನಿಮಗೆ ಎಂತದಾದ್ರೂ ಆಯ್ತಾ? ಎಂಥಾ ಶಬ್ದ ಅದು! ನಾನು ಕೋವಿಯೇ ಒಡೆಯಿತು ಅಂತ ಮಾಡಿದೆ."

"ಎಂತ ಆಗಲಿಲ್ಲ. ಅದರ ಶಬ್ದವೇ ಹಾಗೆ" ಎಂದರು ಚಿಕ್ಕಮ್ಮ. ಅವನ ಒದ್ದೆ ಬಟ್ಟೆ, ಕೈಯ ಹಾರೆ, ಎರಡನ್ನೂ ನೋಡಿದರು. "ಬಾ, ಕೂತ್ಕೋ. ಒಲೆಯ ಮೇಲೆ ಕಾಫಿ ಉಂಟು. ಗೌಡ್ರೆ, ನೀವೂ ಬನ್ನಿ."

ಅವನು ಜಗಲಿಯ ಅಂಚಿನಲ್ಲಿ ಕುಳಿತ. ನೀರು ಇಳಿದು ಅವನ ಸುತ್ತ ನೆಲ ಒದ್ದೆಯಾಯಿತು. ಚಿಕ್ಕಮ್ಮ ಒಳಗಿನಿಂದ ಬಂದು, ಖಾಲಿ ಮಾಡಿದ ಕೋವಿಯನ್ನು ಗೋಡೆಗೆ ಒರಗಿಸುವ ಬದಲು ಅವನ ಕೈಗೆ ಕೊಟ್ಟರು. ಅವನು ಅದನ್ನು ತಿರುಗಿಸಿ ನೋಡಿದ, ಬೆಸುಗೆ ಹಾಕಿದ ತುದಿಯ ಮೇಲೆ ಹೆಬ್ಬೆರಳಾಡಿಸಿದ. ಆಮೇಲೆ ಭುಜಕ್ಕೆ ಎತ್ತಿದ. ಕುಂದ ಅವನಿಗೆ ತೀರಾ ಗಿಡ್ಡವಾಗಿ, ಅವನದೇ ಹೆಬ್ಬೆರಳು ಹೋಗಿ ಮೂಗಿಗೆ ಬಡಿಯಿತು. ಗೌಡರು ಮೊದಲು ನಕ್ಕರು, ಆಮೇಲೆ ನಾನು. ಅವನು ಮೂಗು ಉಜ್ಜಿಕೊಂಡು ಕೋವಿಯನ್ನು ಮೆಲ್ಲ ಅತ್ತಿಗೆಯ ಕೈಗೆ ಹಿಂದೆ ಕೊಟ್ಟ.

"ಇದು ನನಗೆ ಹೊಂದುದಿಲ್ಲ ಅತ್ತಿಗೆ" ಎಂದ.

"ಇಲ್ಲ" ಎಂದರು ಚಿಕ್ಕಮ್ಮ. "ಕಾಫಿ ತಣೀತದೆ, ಕುಡಿ."